ಆಯುಧ ಪೂಜೆಯ ಬಾಳೆಕಂದು, ಬೂದುಗುಂಬಳ ಗೊಬ್ಬರವಾಯಿತು: ನನ್ನ ಅನುಭವ

ಬೆಂಗಳೂರಿನ ಆಯುಧ ಪೂಜೆ ಕಸವನ್ನು ಬಡಾವಣೆಯಲ್ಲೇ ಗೊಬ್ಬರ ಮಾಡಬಹುದು. ಅದೂ ವಾಸನೆ ಇಲ್ಲದೆ, ಅಕ್ಟೋಬರ್ ಮಳೆಯ ನಡುವೆಯೇ. ಆಗಲ್ಲ ಅಂದವರೇ ಜಾಸ್ತಿ. ನಮ್ಮ ಬೀದಿಯ ಹಿರಿಯರು, ತಾರಸಿ ತೋಟದ ಗೆಳೆಯರು, ಕಾಂಪೋಸ್ಟ್‌ನಲ್ಲಿ ನನಗಿಂತ ಹಳಬರು, ಎಲ್ಲರದೂ ಒಂದೇ ಮಾತು: "ಅಡುಗೆಮನೆ ಕಸ ಮಾಡ್ತೀರಲ್ಲ, ಅಷ್ಟು ಸಾಕು ಸಾರ್. ಬಾಳೆಕಂದಿನ ತಂಟೆಗೆ ಹೋಗಬೇಡಿ." 2026ರ ಸಂಕ್ರಾಂತಿ ಹೊತ್ತಿಗೆ ಸುಮಾರು ನಾಲ್ಕು ಕ್ವಿಂಟಲ್ ಗೊಬ್ಬರ ಜರಡಿ ಹಿಡಿದು ಚೀಲಕ್ಕೆ ತುಂಬಿದೆವು. ಬೇಡ ಅಂದವರಲ್ಲೇ ಮೂರ್ನಾಲ್ಕು ಜನ ದುಡ್ಡು ಕೊಟ್ಟು ಒಯ್ದರು.

ನಮ್ಮದು ಮೈಸೂರು ರಸ್ತೆ ಕಡೆಯ ಬಡಾವಣೆ. ಗ್ಯಾರೇಜು, ಲೇತ್ ಅಂಗಡಿ, ಆಟೋ ಸ್ಟ್ಯಾಂಡ್ ಎಲ್ಲ ಇರುವುದರಿಂದ ನವಮಿ ದಿನ ಪೂಜೆ ಜೋರು. ವಿಜಯದಶಮಿ ಬೆಳಿಗ್ಗೆಗೆ ರಸ್ತೆ ತುಂಬಾ ಒಡೆದ ಬೂದುಗುಂಬಳ. ಬೈಕಿನವರು ಅದರ ಮೇಲೆ ಜಾರಿ ಬೀಳುತ್ತಾರೆ. ಮೂರನೇ ದಿನ ಗೇಟುಗಳಿಗೆ ಕಟ್ಟಿದ ಬಾಳೆಕಂದು ಕೂಡ ಬೀದಿಗೆ ಬರುತ್ತದೆ. ಅಂಗಡಿಯವರು ಮಾರಾಟವಾಗದ ರಾಶಿಯನ್ನು ಮೂಲೆಯಲ್ಲೇ ಬಿಟ್ಟು ಹೋಗುತ್ತಾರೆ. ಇದನ್ನೆಲ್ಲ ಬಾಚಿ ಟಿಪ್ಪರ್‌ಗೆ ತುಂಬುವ ಪೌರಕಾರ್ಮಿಕರ ಸೊಂಟ ಆ ವಾರ ಏನಾಗುತ್ತದೆ ಅಂತ ನೋಡಿದ್ದೇನೆ. ಅದು ಹೋಗಿ ಬೀಳುವುದು ಯಾವುದೋ ಹಳ್ಳಿಯ ಪಕ್ಕ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ಬೀದಿಗಿಳಿದು ಹೋರಾಡಿ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತಲ್ಲ, ಆಗಿನಿಂದ ನನ್ನ ತಲೆಯಲ್ಲಿ ಇದು ಕೊರೆಯುತ್ತಿತ್ತು.

ಮೊದಲು ಶ್ರೆಡ್ಡರ್, ಅಂದರೆ ಕಸ ಕೊಚ್ಚುವ ಯಂತ್ರ, ಬಾಡಿಗೆಗೆ ತಂದೆವು. ದಿನಕ್ಕೆ ಎರಡೂವರೆ ಸಾವಿರವೋ ಏನೋ. ಅರ್ಧ ಗಂಟೆ ಓಡಿರಬಹುದು. ಬಾಳೆಯ ನಾರು ಬ್ಲೇಡಿಗೆ ಹಗ್ಗದ ಹಾಗೆ ಸುತ್ತಿಕೊಂಡು ನಿಂತೇಹೋಯಿತು. ಬಿಚ್ಚಿ, ನಾರು ಕತ್ತರಿಸಿ, ಮತ್ತೆ ಓಡಿಸಿ, ಮತ್ತೆ ನಿಂತು, ಕೊನೆಗೆ ಬೆಲ್ಟ್ ಹರಿಯಿತು. ರಿಪೇರಿಗೆ ಇನ್ನೊಂದು ನಾಲ್ಕು ಸಾವಿರ. ಹಸಿ ಬಾಳೆಗೆ ಯಂತ್ರ ಬೇಡವೇ ಬೇಡ. ಒಳ್ಳೆ ಮಚ್ಚು, ಕೆಲಸ ಗೊತ್ತಿರುವ ಇಬ್ಬರು ಆಳು ಸಾಕು.

2024ರಲ್ಲಿ ಮಳೆ ಕೆಡಿಸಿತು. ಹಬ್ಬ ಮುಗಿದ ಮೂರ್ನಾಲ್ಕು ದಿನಕ್ಕೇ ಊರು ಮುಳುಗುವ ಹಾಗೆ ಸುರಿಯಿತು, ನೆನಪಿರಬೇಕು. ತಂತಿ ಜಾಲರಿಯ ಪಂಜರದಲ್ಲಿ ಹಾಕಿದ್ದ ಕುಂಬಳ ಕುಸಿದು ಗಂಜಿಯಾಯಿತು. ಕೊಳೆತ ಕಸದ ನೀರು (ಲೀಚೇಟ್) ಹರಿದು ಪಾರ್ಕ್‌ನ ನಡೆಯುವ ದಾರಿಗೇ ಬಂತು. ಆಗ ಪೇಟೆಯಿಂದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮರದ ಪುಡಿ ತಂದು ಸುರಿದೆವು, ಐದಾರು ಸಾವಿರ ಹೋಯಿತು. ವಾಸನೆ ಅಡಗಿತು, ಗೊಬ್ಬರ ಮಾತ್ರ ಆಗಲಿಲ್ಲ. ಎಲ್ಲವನ್ನೂ ಗಾಡಿ ಮಾಡಿ ಸಾಗಿಸಬೇಕಾಯಿತು. ಆ ವರ್ಷದ ಒಟ್ಟು ಖರ್ಚು ಹದಿನೈದು ಸಾವಿರ ದಾಟಿತ್ತು.

ತೊಂದರೆ ಇದ್ದದ್ದು ಬಾಳೆಯಲ್ಲಿ ಅಲ್ಲ, ತಿಂಗಳ ಲೆಕ್ಕದಲ್ಲಿ. ಬಾಳೆಕಂದಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು, ಬೂದುಗುಂಬಳದಲ್ಲಿ ಅದಕ್ಕಿಂತ ಜಾಸ್ತಿ. ಇದನ್ನು ಹೀರಲು ಗುಡ್ಡದಷ್ಟು ಒಣ ಎಲೆ ಬೇಕು. ಶರತ್ಕಾಲ ಅಂದರೆ ಎಲೆ ಉದುರುವ ಕಾಲ ಅನ್ನುವುದು ಚಳಿದೇಶದ ಮಾತು. ಇಲ್ಲಿ ಅಕ್ಟೋಬರ್‌ನಲ್ಲಿ ಮರಗಳೆಲ್ಲ ದಟ್ಟ ಹಸಿರು. ಹೊಂಗೆ, ಬಾದಾಮಿ, ಮಳೆಮರ ಉದುರಿಸುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗ ಜನ ಆ ಎಲೆಗೆ ಬೆಂಕಿ ಇಡುತ್ತಾರೆ. ಎಂಟು ತಿಂಗಳಾದ ಮೇಲೆ ನಾವು ದುಡ್ಡು ಕೊಟ್ಟು ಕೋಕೋಪೀಟ್ ತರುತ್ತೇವೆ. ಇದು ಹೊಳೆದ ಮೇಲೆ ದಾರಿ ಸಿಕ್ಕಿತು.

2025ರ ಫೆಬ್ರವರಿಯಲ್ಲಿ ಎಲೆ ಕೂಡಿಡಲು ಶುರು ಮಾಡಿದೆವು. ಕಟ್ಟಡದ ಕೆಲಸ ನಡೆಯುವ ಕಡೆ ಖಾಲಿ ಸಿಮೆಂಟ್ ಚೀಲ ಒಂದಕ್ಕೆ ಐದೋ ಆರೋ ರೂಪಾಯಿ. ನಮ್ಮ ಬೀದಿ ಗುಡಿಸುವ ಅಕ್ಕನಿಗೆ ಎಲೆ ತುಂಬಿದ ಚೀಲಕ್ಕೆ ಹತ್ತು ರೂಪಾಯಿ ಕೊಟ್ಟೆ. "ಸುಡೋದು ತಪ್ಪಿತಲ್ಲಣ್ಣ, ಹೊಗೆಗೆ ಕಣ್ಣು ಹೋಗ್ತಿತ್ತು" ಅಂದರು. ನೂರೈವತ್ತರ ಹತ್ತಿರ ಚೀಲ ಆದವು. ಮುಚ್ಚಿದ ಹಳೇ ಕಾರ್ ಶೆಡ್ ಒಂದರಲ್ಲಿ ಒಟ್ಟಿದೆವು. ಹೊಂಗೆ ಎಲೆ ಎಲ್ಲಕ್ಕಿಂತ ಒಳ್ಳೆಯದು. ಮಳೆಮರದ್ದು ಬೇಗ ಪುಡಿಯಾಗುತ್ತದೆ. ಬಾದಾಮಿ ಎಲೆಯನ್ನು ತುಳಿದು ಮುರಿದೇ ಹಾಕಬೇಕು. ನೀಲಗಿರಿ, ಸಿಲ್ವರ್ ಓಕ್ ಮುಟ್ಟಬೇಡಿ, ಕರಗುವುದು ತಡ.

2025ರಲ್ಲಿ ಆಯುಧ ಪೂಜೆ ಅಕ್ಟೋಬರ್ 1ಕ್ಕೇ ಬಂತು. ನಾವು ತಯಾರಿದ್ದೆವು. ಬಾಳೆಕಂದನ್ನು ಮೊದಲು ಉದ್ದಕ್ಕೆ ಸೀಳಿ, ಪದರ ಬಿಡಿಸಿ, ಶೆಡ್ಡಿನಡಿ ನಾಲ್ಕೈದು ದಿನ ಬಾಡಲು ಬಿಟ್ಟೆವು. ಇದೊಂದನ್ನು ಯಾರೂ ಬಿಡಬೇಡಿ. ತೂಕ ಎಷ್ಟೋ ಇಳಿಯುತ್ತದೆ. ಆಮೇಲೆ ಅಡ್ಡಡ್ಡ ಕೊಚ್ಚಿದರೆ ನಾರು ಗೇಣುದ್ದ ಕೂಡ ಉಳಿಯುವುದಿಲ್ಲ. ಮಾರಾಟವಾಗದ, ಶುಚಿಯಾದ ಕಂದನ್ನೆಲ್ಲ ಹಾಲಿನವರು ಹಸುಗಳಿಗೆ ಒಯ್ದರು. ಕುಂಬಳವನ್ನು ಬಾಡಿಸಲು ಬರುವುದಿಲ್ಲ, ಅದೇ ದಿನ ಹಾಕಬೇಕು. ಕುಂಕುಮ ಮೆತ್ತಿದ ತಿರುಳನ್ನು ಕೆರೆದು ತೆಗೆಯುತ್ತೇವೆ. ಪೇಟೆಯ ಅಗ್ಗದ ಕುಂಕುಮದ ಬಣ್ಣ ಗೊಬ್ಬರಕ್ಕೆ ಬೇಡ. ಒಳಗೆ ಸಿಕ್ಕ ಚಿಲ್ಲರೆ ಕಾಸೆಲ್ಲ ಪೌರಕಾರ್ಮಿಕರಿಗೆ.

ಒಂದು ಬುಟ್ಟಿ ಹಸಿಗೆ ಮೂರು ಬುಟ್ಟಿ ಎಲೆ, ಕುಂಬಳವಾದರೆ ನಾಲ್ಕು. ಪದರ ತೆಳುವಾಗಿರಲಿ. ಮೇಲೆ ಸಗಣಿ ನೀರು, ಹುಳಿ ಮಜ್ಜಿಗೆ. ಮಜ್ಜಿಗೆಯಲ್ಲಿ ನಾನು ಇನ್ನೆರಡು ಸಾಮಾನು ಸೇರಿಸಿ ರಾತ್ರಿ ಇಡುತ್ತೇನೆ. ಅದೇನು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಹಬ್ಬ ನೋಡಿ ಖಚಿತವಾಗಲಿ. ಮೇಲೆ ಟಾರ್ಪಾಲು ಇಳಿಜಾರಾಗಿ ಕಟ್ಟಿ, ಪಕ್ಕಗಳನ್ನು ಗಾಳಿಗೆ ಬಿಟ್ಟೆವು. ವಾರದೊಳಗೆ ಕಬ್ಬಿಣದ ಸರಳು ಚುಚ್ಚಿ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ! ಆವತ್ತೇ ನನಗೆ ಗೆದ್ದೆವು ಅನ್ನಿಸಿತು. ಮಳೆ ಬಂದಾಗಲೂ ಬಿಸಿ ಇಳಿಯಲಿಲ್ಲ.

ಚೆಂಡುಹೂವಿನಲ್ಲಿ ಬೇರೆ ಒಂದು ಪ್ರಯೋಗ ಮಾಡಿದೆ. ದಾರ ಬಿಡಿಸಿ ಎಸಳು ಒಣಗಿಸಿ, ಕುದಿಸಿ, ಪಟಿಕ ಹಾಕಿದ ಹತ್ತಿ ಬಟ್ಟೆ ಅದ್ದಿದರೆ ಒಳ್ಳೆ ಅರಿಶಿನ ಬಣ್ಣ ಕೂರುತ್ತದೆ. ಮನೆಯವರು ಎರಡು ದಿಂಬಿನ ಚೀಲಕ್ಕೆ ಹಾಕಿದ್ದಾರೆ, ಒಗೆದರೂ ನಿಂತಿದೆ. ಬಾಳೆನಾರಿನಲ್ಲಿ ಹಗ್ಗ ಹೊಸೆಯಲೂ ನೋಡಿದೆ. ಗಂಟೆಗಟ್ಟಲೆ ಕೆರೆದರೆ ಹಿಡಿಯಷ್ಟು ನಾರು, ಅದರಲ್ಲಿ ಲಾಭವಿಲ್ಲ. ಕುಂಬಳದ ಬೀಜದ ವಿಷಯ ಹೇಳಲೇಬೇಕು. ರಾಶಿಯ ಅಂಚಿನಲ್ಲಿ ಬಿಸಿ ಕಡಿಮೆ, ಅಲ್ಲಿ ಬೀಜ ಸಾಯುವುದಿಲ್ಲ. ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಬಳ್ಳಿ ಏಳುತ್ತದೆ. ಎರಡು ಸಲ ಮಗುಚಿ, ಅಂಚಿನದ್ದನ್ನು ನಡುವಿಗೆ ತಂದರೆ ಈ ಕಾಟ ತಪ್ಪುತ್ತದೆ. ಹಾಗೂ ಎದ್ದ ಒಂದು ಬಳ್ಳಿಯನ್ನು ಪಾರ್ಕ್ ಬೇಲಿಗೆ ಹಬ್ಬಿಸಿದ್ದೇವೆ. ಕಾಯಿ ಬಿಟ್ಟರೆ ಮಜ್ಜಿಗೆಹುಳಿ.

ದುಡ್ಡಿನ ಲೆಕ್ಕ ಹೀಗೆ. ಚೀಲ ಮತ್ತು ಎಲೆಗೆ ಎರಡೂವರೆ ಸಾವಿರ, ಆಳುಗಳಿಗೆ ಐದು ಸಾವಿರದ ಹತ್ತಿರ, ಟಾರ್ಪಾಲಿಗೆ ಸಾವಿರದೆಂಟುನೂರು. ಒಳಗೆ ಹೋದ ಹಸಿ ಕಸ ಎರಡು ಟನ್ ಇರಬಹುದು. ಗೊಬ್ಬರ ಕಿಲೋಗೆ ಇಪ್ಪತ್ತರಂತೆ ಮುನ್ನೂರು ಕಿಲೋ ಮಾರಿದೆವು, ಉಳಿದದ್ದು ಪಾರ್ಕಿಗೆ. ಇನ್ನೂ ಮೂರು ಸಾವಿರ ಕೈಯಿಂದ ಹೋಗಿದೆ. ಟಾರ್ಪಾಲು ಇನ್ನೆರಡು ವರ್ಷ ಬಾಳುತ್ತದೆ, ಹಾಗಾಗಿ ಮುಂದಿನ ಸಲ ಸರಿದೂಗುತ್ತದೆ ಅಂತ ನನ್ನ ಅಂದಾಜು.

ಈಗ ಹೊಂಗೆ ಉದುರಲು ಶುರುವಾಗಿದೆ. ಗಣೇಶನ ಹಬ್ಬದ ಬಾಳೆಕಂದನ್ನೂ ಸೇರಿಸಬೇಕು ಅಂತಿದ್ದೇವೆ, ಅದಕ್ಕೆ ಚೀಲ ಇನ್ನೂರೈವತ್ತಾದರೂ ಬೇಕು. ನೀವೂ ಮಾಡುವುದಾದರೆ ಎಲೆಯನ್ನು ಈ ತಿಂಗಳೇ ಹಿಡಿಯಿರಿ. ಚೀಲದ ಬಾಯಿ ಕಟ್ಟುವ ಮೊದಲು ಒಂದು ದಿನ ಬಿಸಿಲಿಗೆ ಹರಡಿ, ಇಲ್ಲದಿದ್ದರೆ ಒಳಗೆ ಬೂಷ್ಟು ಬರುತ್ತದೆ.