ಕಾರಣ ತಿಳಿಯುವ ಮುನ್ನವೇ ವಿಧೇಯರಾಗುವುದು ಹೇಗೆ?

ಖಾರಾನ್ ಪಟ್ಟಣವನ್ನು ಬಿಟ್ಟು ಹೊರಟಾಗ ಅಬ್ರಹಾಮನಿಗೆ 75 ವರ್ಷ ವಯಸ್ಸಾಗಿತ್ತು. ನಾನು ತೋರಿಸುವ ದೇಶಕ್ಕೆ ಹೋಗು ಎಂಬ ದೇವರ ಅಪ್ಪಣೆಯಲ್ಲಿ ಆ ದೇಶದ ಹೆಸರೂ ಇರಲಿಲ್ಲ. ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆಯೇ ಅವನು ಹೊರಟನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ಹೇಳುತ್ತದೆ. ದೇವರನ್ನು ಪ್ರಶ್ನಿಸದೆ ನಂಬುವುದೆಂದರೆ ಇದೇ: ಆತನ ಮಾತು ಸ್ಪಷ್ಟವಾದ ಮೇಲೆ, ಅದರ ಕಾರಣವೂ ಫಲವೂ ಕಾಣುವವರೆಗೆ ಹೆಜ್ಜೆಯನ್ನು ತಡೆಹಿಡಿಯದಿರುವುದು. ದೇವರ ವಾಕ್ಯವನ್ನು ಓದಿಯೂ ಪ್ರಾರ್ಥಿಸಿಯೂ ಈ ಹೆಜ್ಜೆಯ ಬಳಿ ಬಂದು ನಿಂತುಬಿಡುವ ವಿಶ್ವಾಸಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದುದು, ಈಗಾಗಲೇ ತಿಳಿದಿರುವ ಆಜ್ಞೆಯಿಂದ ಆರಂಭಿಸುವುದು. ಯಾವ ಕೆಲಸಕ್ಕೆ ಸೇರಬೇಕು, ಯಾರನ್ನು ಮದುವೆಯಾಗಬೇಕು, ಯಾವ ಊರಿನಲ್ಲಿ ನೆಲೆಸಬೇಕು ಎಂಬ ವಿಷಯಗಳಲ್ಲಿ ದೇವರ ಚಿತ್ತವನ್ನು ಹುಡುಕುತ್ತಾ ಉಪವಾಸವಿರುವ ನಾವು, ಮತ್ತಾಯನ 5ನೆಯ ಅಧ್ಯಾಯದಲ್ಲಿ ಯೇಸು ನೇರವಾಗಿ ಹೇಳಿರುವ ಮಾತನ್ನು, ಅಂದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗಬೇಕೆಂಬುದನ್ನು, ವರ್ಷಗಟ್ಟಲೆ ಬದಿಗಿಟ್ಟಿರುತ್ತೇವೆ. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಅದನ್ನು ತಿಳಿಯಲು ದರ್ಶನ ಬೇಕಿಲ್ಲ. ಆದುದರಿಂದ ಇಂದು ಓದಿದ ಭಾಗದಲ್ಲಿ ಸ್ಪಷ್ಟವಾಗಿರುವ ಒಂದೇ ಒಂದು ಆಜ್ಞೆಯನ್ನು ಆರಿಸಿಕೊಂಡು, ಅದನ್ನು ಯಾರ ವಿಷಯದಲ್ಲಿ, ಯಾವ ದಿನ ನೆರವೇರಿಸುತ್ತೀರಿ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿರಿ. ತಂದೆಯ ಜಮೀನಿನ ಪಾಲಿನ ವಿಚಾರದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟಿದ್ದರೆ, ಅವನ ಹೆಸರನ್ನೂ ಅವನಿಗೆ ಫೋನ್ ಮಾಡುವ ದಿನವನ್ನೂ ಬರೆಯಿರಿ. ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂಬ ತೀರ್ಮಾನವನ್ನು ಯಾರೂ ಮುರಿಯಲಾರರು, ಏಕೆಂದರೆ ಅದರಲ್ಲಿ ಮಾಡಬೇಕಾದ ಕೆಲಸವೇ ಇರುವುದಿಲ್ಲ.

ಎರಡನೆಯದಾಗಿ, ಆಜ್ಞೆಯನ್ನು ಕತ್ತರಿಸದೆ ಪೂರ್ತಿಯಾಗಿ ಪಾಲಿಸಬೇಕು. ಇಲ್ಲಿ ಅರಸನಾದ ಸೌಲನ ವೃತ್ತಾಂತವನ್ನು ನಿಧಾನವಾಗಿ ಓದುವುದು ಒಳ್ಳೆಯದು. ಅಮಾಲೇಕ್ಯರಿಗೆ ಸೇರಿದ್ದ ಯಾವುದನ್ನೂ ಉಳಿಸಿಕೊಳ್ಳಬಾರದೆಂದು ಅವನಿಗೆ ಆಜ್ಞೆಯಾಗಿತ್ತು. ಅವನು ಅರಸನಾದ ಅಗಾಗನನ್ನೂ ಉತ್ತಮವಾದ ಕುರಿದನಗಳನ್ನೂ ಉಳಿಸಿಕೊಂಡು, ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆಂದು ಪ್ರವಾದಿಯಾದ ಸಮುವೇಲನ ಮುಂದೆ ಹೇಳಿದನು. ಕುರಿಗಳ ಕೂಗು ಕೇಳಿಸಿದಾಗ ಅವನು ಕೊಟ್ಟ ಉತ್ತರ ಭಕ್ತಿಯ ಮಾತೇ ಆಗಿತ್ತು: ಅವು ದೇವರಿಗೆ ಯಜ್ಞವಾಗಿ ಅರ್ಪಿಸುವುದಕ್ಕಾಗಿ ಎಂದನು. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬ ಸಮುವೇಲನ ಮಾತು ಬಂದದ್ದು ಈ ಸಂದರ್ಭದಲ್ಲಿ. ಭಕ್ತಿಯ ನೆಪಕ್ಕಿಂತ ಅಪಾಯಕಾರಿಯಾದ ನೆಪ ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅದು ನಮ್ಮನ್ನೇ ಮೊದಲು ನಂಬಿಸಿಬಿಡುತ್ತದೆ. ಸುಳ್ಳು ಬಿಲ್ಲಿನಿಂದ ಬಂದ ಹಣದಲ್ಲಿ ದಶಮಾಂಶ ಕೊಟ್ಟವನು ವಿಧೇಯನಾಗಿಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಯೇಸುವಿಗೆ ಹೇಳಿದ ಸುಂಕದವನಾದ ಜಕ್ಕಾಯನ ದಾರಿ ಬೇರೆ. ನಿಮ್ಮ ತೀರ್ಮಾನದಲ್ಲಿ ‘ಆದರೆ’ ಎಂಬ ಮಾತು ಎಲ್ಲಿ ಸೇರಿಕೊಂಡಿದೆ ಎಂದು ಹುಡುಕಿ, ಅದರ ನಂತರ ಬರುವ ವಾಕ್ಯವನ್ನೇ ಪ್ರಾರ್ಥನೆಯಲ್ಲಿ ದೇವರ ಮುಂದೆ ಇಡಿರಿ.

ಪ್ರಶ್ನಿಸದೆ ವಿಧೇಯರಾಗುವುದೆಂದರೆ ಹೃದಯದಲ್ಲಿ ಒಂದು ಪ್ರಶ್ನೆಯೂ ಏಳಬಾರದೆಂದು ಕೆಲವರು ಭಾವಿಸಿ, ಭಯ ಬಂದಾಗಲೆಲ್ಲ ತಮ್ಮ ನಂಬಿಕೆಯೇ ಸುಳ್ಳೆಂದು ಕುಗ್ಗಿಹೋಗುತ್ತಾರೆ. ಅವರು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಬರುವ ದಮಸ್ಕದ ಶಿಷ್ಯನಾದ ಅನನೀಯನನ್ನು ನೋಡಬೇಕು. ಮುಂದೆ ಪೌಲನೆನಿಸಿಕೊಂಡ ತಾರ್ಸದ ಸೌಲನ ಬಳಿಗೆ ಹೋಗೆಂದು ಕರ್ತನು ಹೇಳಿದಾಗ, ಆ ಮನುಷ್ಯನು ಯೆರೂಸಲೇಮಿನ ವಿಶ್ವಾಸಿಗಳಿಗೆ ಎಷ್ಟು ಕೇಡು ಮಾಡಿದ್ದಾನೆಂಬುದನ್ನು ಕೇಳಿದ್ದೇನೆಂದು ಅವನು ತನ್ನ ಭಯವನ್ನು ಬಾಯಿಬಿಟ್ಟು ಹೇಳಿದನು. ಕರ್ತನು ಗದರಿಸದೆ, ಹೋಗು ಎಂದು ಮತ್ತೆ ಹೇಳಿ ಸೌಲನನ್ನು ಏಕೆ ಆರಿಸಿಕೊಂಡಿದ್ದೇನೆಂಬುದನ್ನೂ ತಿಳಿಸಿದನು. ಅನನೀಯನು ಹೋಗಿ, ತಾನು ಹೆದರಿದ್ದ ಮನುಷ್ಯನ ಮೇಲೆಯೇ ಕೈಯಿಟ್ಟು ಅವನನ್ನು ಸಹೋದರನೆಂದು ಕರೆದನು. ಶಿಲುಬೆಗೆ ಹೋಗುವ ಮುನ್ನ ಗೆತ್ಸೇಮನೆಯಲ್ಲಿ ನಮ್ಮ ಕರ್ತನೇ ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡಿಕೊಂಡು, ಆದರೂ ತಂದೆಯ ಚಿತ್ತದಂತೆಯೇ ಆಗಲೆಂದನು. ನಿಮ್ಮ ಪ್ರಾರ್ಥನೆಯೂ ಇದೇ ಕ್ರಮದಲ್ಲಿರಲಿ: ಮೊದಲು ಭಯವನ್ನು ಮರೆಮಾಚದೆ ಹೇಳಿರಿ, ಬಳಿಕ ನಿಮ್ಮ ಚಿತ್ತವನ್ನು ಒಪ್ಪಿಸಿಕೊಡಿರಿ, ಉತ್ತರ ಬಾರದಿದ್ದರೂ ಎದ್ದು ಮಾಡಬೇಕಾದುದನ್ನು ಮಾಡಿರಿ.

ಇವೆಲ್ಲಕ್ಕಿಂತ ಕಠಿಣವಾದದ್ದು ಕಾಯುವ ಕಾಲ. ಸಂತಾನದ ವಾಗ್ದಾನ ದೊರೆತು ಕಾನಾನಿನಲ್ಲಿ ಹತ್ತು ವರ್ಷ ಕಳೆದರೂ ಮಗು ಹುಟ್ಟದಿದ್ದಾಗ, ಅಬ್ರಹಾಮನೂ ಅವನ ಹೆಂಡತಿ ಸಾರಳೂ ದಾಸಿಯಾದ ಹಾಗರಳ ಮೂಲಕ ತಮ್ಮದೇ ದಾರಿಯನ್ನು ಮಾಡಿಕೊಂಡರು. ಇಷ್ಮಾಯೇಲನು ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕನು ಹುಟ್ಟಿದಾಗ 100 ವರ್ಷ; ಆ ಅವಸರದ ನೋವನ್ನು ಅತಿಯಾಗಿ ಅನುಭವಿಸಿದವರು ಹಾಗರಳೂ ಅವಳ ಮಗನೂ ಎಂಬುದನ್ನು ನಾವು ಮರೆಯಬಾರದು. ಕಾಯುವಾಗ ದೇವರು ಕೊನೆಯದಾಗಿ ಸ್ಪಷ್ಟಪಡಿಸಿದ್ದನ್ನೇ ಮುಂದುವರಿಸಿರಿ; ಹೊಸ ಅಪ್ಪಣೆಯನ್ನು ಊಹಿಸಿಕೊಳ್ಳಬೇಡಿರಿ. ಇಸ್ರಾಯೇಲ್ಯರು ಯೊರ್ದನ್ ನದಿಯನ್ನು ದಾಟಿದ ಮೇಲೆ ಮಕ್ಕಳು ಕೇಳಿದಾಗ ಹೇಳುವುದಕ್ಕೆಂದು ನದಿಯೊಳಗಿನಿಂದ 12 ಕಲ್ಲುಗಳನ್ನು ತಂದು ನಿಲ್ಲಿಸಿದಂತೆ, ದೇವರು ಹಿಂದೆ ನಡೆಸಿದ ಸಂಗತಿಗಳನ್ನು ದಿನಾಂಕದೊಂದಿಗೆ ಬರೆದಿಟ್ಟು, ಮನಸ್ಸು ಕುಂದಿದಾಗ ಮನೆಯವರೊಂದಿಗೆ ಓದಿರಿ.

ಈ ಸಂಪೂರ್ಣ ವಿಧೇಯತೆ ದೇವರಿಗೆ ಮಾತ್ರ ಸಲ್ಲತಕ್ಕದ್ದು. ದೇವರ ಹೆಸರಿನಲ್ಲಿ ಮಾತನಾಡುವ ಪ್ರತಿಯೊಬ್ಬ ಮನುಷ್ಯನಿಗೂ ಅಲ್ಲ. ಪೌಲನ ಬೋಧನೆಯನ್ನು ಕೂಡ ಬೆರೋಯ ಪಟ್ಟಣದವರು ಶಾಸ್ತ್ರಗಳೊಂದಿಗೆ ಪ್ರತಿದಿನ ಹೋಲಿಸಿ ನೋಡಿದರು, ಮತ್ತು ಸತ್ಯವೇದ ಅದಕ್ಕಾಗಿ ಅವರನ್ನು ಮೆಚ್ಚುತ್ತದೆ. ಪ್ರವಾದನೆಯೆಂದು ಹೇಳಿ ಯಾರಾದರೂ ಹಣ ಕೇಳಿದರೆ, ಮದುವೆಯನ್ನು ನಿಶ್ಚಯಿಸಿದರೆ, ಇಲ್ಲವೇ ಮಾತ್ರೆಗಳನ್ನು ನಿಲ್ಲಿಸಿರೆಂದರೆ, ಒಪ್ಪುವ ಮುನ್ನ ವಾಕ್ಯವನ್ನು ಪರೀಕ್ಷಿಸಿ, ಆ ವಿಷಯದಲ್ಲಿ ಯಾವ ಲಾಭವೂ ಇಲ್ಲದ ಹಿರಿಯ ವಿಶ್ವಾಸಿಗಳನ್ನು ವಿಚಾರಿಸಿರಿ. ಕಾಯಿಲೆ ಬಿದ್ದಿದ್ದ ಅರಸನಾದ ಹಿಜ್ಕೀಯನಿಗೆ ದೇವರು 15 ವರ್ಷ ಆಯುಸ್ಸನ್ನು ವಾಗ್ದಾನ ಮಾಡಿದ ಸಂದರ್ಭದಲ್ಲಿಯೇ ಪ್ರವಾದಿಯಾದ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆಯನ್ನು ಕಟ್ಟಿಸಿದನು. ಔಷಧ ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಸಹೋದರಿಗೆ ಅದನ್ನು ಸಹಿಸಿಕೊಳ್ಳುವುದೇ ದೇವರ ಚಿತ್ತವೆಂದು ಹೇಳುವವರು ದೇವರ ಹೆಸರನ್ನು ವ್ಯರ್ಥವಾಗಿ ಎತ್ತುತ್ತಾರೆ. ಅವಳು ಸುರಕ್ಷಿತವಾದ ಸ್ಥಳಕ್ಕೆ ಹೋಗುವುದಕ್ಕೆ ಸಭೆ ನೆರವಾಗಬೇಕು. ಮಗನಾದ ಇಸಾಕನನ್ನು ಅರ್ಪಿಸೆಂದು ಅಬ್ರಹಾಮನಿಗೆ ಅಪ್ಪಣೆಯಾದ ಮೊರೀಯ ಬೆಟ್ಟದ ವೃತ್ತಾಂತವನ್ನು ಮತ್ತೊಬ್ಬರಿಗೆ ಹಾನಿ ಮಾಡುವ ಅಪ್ಪಣೆಯಾಗಿ ಯಾರೂ ಬಳಸಲಾಗದು, ಏಕೆಂದರೆ ಅಲ್ಲಿ ಹುಡುಗನ ಮೇಲೆ ಕೈಯೆತ್ತಬೇಡವೆಂದು ತಡೆದದ್ದು ದೇವರ ಧ್ವನಿಯೇ, ಮಕ್ಕಳನ್ನು ಬಲಿಕೊಡುವುದನ್ನು ಧರ್ಮಶಾಸ್ತ್ರವೂ ನಿಷೇಧಿಸಿತು.

ಅವಿಧೇಯರಾದ ಮೇಲೆ ಏನು ಮಾಡಬೇಕೆಂಬುದನ್ನೂ ಹೇಳಬೇಕು. ನಿನೆವೆಗೆ ಹೋಗೆಂದರೆ ತಾರ್ಷೀಷಿನ ಹಡಗು ಹತ್ತಿದ ಪ್ರವಾದಿ ಯೋನನಿಗೆ ಯೆಹೋವನ ವಾಕ್ಯ ಎರಡನೆಯ ಸಾರಿಯೂ ಬಂದಿತು, ಮತ್ತು ಅಪ್ಪಣೆ ಬದಲಾಗಿರಲಿಲ್ಲ: ಎದ್ದು ನಿನೆವೆಗೆ ಹೋಗು. ಆದುದರಿಂದ ಪಾಪವನ್ನು ಅರಿಕೆಮಾಡಿ ಕ್ಷಮೆಯನ್ನು ಹೊಂದಿದ ಮೇಲೆ, ಬೇರೆ ಯಾವುದಾದರೂ ಸೇವೆಯಿಂದ ಆ ಕೊರತೆಯನ್ನು ತುಂಬಲು ಹೋಗದೆ, ಪುಸ್ತಕದಲ್ಲಿ ಬರೆದು ಮಾಡದೆ ಬಿಟ್ಟಿದ್ದ ಅದೇ ಆಜ್ಞೆಗೆ ಹೊಸ ದಿನವನ್ನು ಗೊತ್ತುಮಾಡಿರಿ.