ಒಮ್ಮೆ ಮಾಡಿದ ಪಾಠ ಮತ್ತೆ ಮತ್ತೆ ಬಳಕೆಗೆ ಬರಲು

ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಆನ್‌ಲೈನ್ ಪಾಠ ತಯಾರಿಸುವಾಗ ನಾನು ಪಾಲಿಸುವ ನಿಯಮ ಒಂದೇ: ಬದಲಾಗುವುದನ್ನೂ ಬದಲಾಗದ್ದನ್ನೂ ಒಂದೇ ಫೈಲಿಗೆ ತುಂಬುವುದಿಲ್ಲ.

ಬೆಲೆಗಳು ಎಷ್ಟು ಏರಿಳಿದಿವೆ ಎಂದು ಅಳೆಯುವ ಸೂಚ್ಯಂಕದ ಪಾಠವನ್ನೇ ನೋಡಿ. ಲಾಸ್ಪೇರ್ ಸೂತ್ರದಲ್ಲಿ ಆಧಾರ ವರ್ಷದ, ಅಂದರೆ ಹೋಲಿಕೆಗೆ ಹಿಡಿದ ವರ್ಷದ, ಸರಕಿನ ಪ್ರಮಾಣ ಹಿಡಿಯುತ್ತೇವೆ, ಪಾಶೆಯಲ್ಲಿ ಪ್ರಸ್ತುತ ವರ್ಷದ್ದು. ಫಿಶರ್ ಅಂದರೆ ಇವೆರಡರ ಗುಣೋತ್ತರ ಸರಾಸರಿ (ಎರಡನ್ನೂ ಗುಣಿಸಿ ವರ್ಗಮೂಲ ತೆಗೆದದ್ದು). ಇದು ಯಾವ ಕಾಲಕ್ಕೂ ಹೀಗೇ. ಆದರೆ ಉದಾಹರಣೆಗೆ ಕೊಡುವ ಬೆಲೆಗಳು ವರ್ಷ ತುಂಬುವುದರೊಳಗೆ ಹಳಸುತ್ತವೆ. ನಮ್ಮ ಗ್ರಾಹಕ ಬೆಲೆ ಸೂಚ್ಯಂಕದ ಆಧಾರ ವರ್ಷವೇ 2010 ಇದ್ದದ್ದು 2015ರಲ್ಲಿ 2012 ಆಯಿತು. ಹಾಗಾಗಿ ಸೂತ್ರ ವಿವರಿಸುವ ವಿಡಿಯೋ ಬೇರೆ, ಕೆ.ಆರ್. ಮಾರ್ಕೆಟ್ಟಿನ ಟೊಮ್ಯಾಟೊ, ಈರುಳ್ಳಿ, ಸೇವಂತಿಗೆ ದರಗಳ ಹಾಳೆ ಬೇರೆ. ದರ ಬದಲಾದರೆ ಹಾಳೆಯನ್ನಷ್ಟೇ ತಿದ್ದುತ್ತೇನೆ.

ವಿಡಿಯೋದಲ್ಲಿ "ಕಳೆದ ತರಗತಿಯಲ್ಲಿ ನೋಡಿದೆವು", "ಮೂರನೇ ಘಟಕದಲ್ಲಿ ಬರುತ್ತೆ" ಅನ್ನುವ ಮಾತೇ ಇರುವುದಿಲ್ಲ. ಸಿಲೆಬಸ್ ಬದಲಾದರೆ ಮೂರನೇ ಘಟಕ ಐದಕ್ಕೆ ಹೋಗುತ್ತದೆ, ಅಲ್ವಾ? ಒಂದು ವಿಡಿಯೋಗೆ ಒಂದೇ ವಿಷಯ, ಐದಾರು ನಿಮಿಷ.

ಇದರಲ್ಲಿ ಒಂದು ತೊಡಕಿದೆ. ಊರು, ಕಾಲ, ತರಗತಿ ಎಲ್ಲವನ್ನೂ ತೆಗೆದಷ್ಟೂ ಪಾಠ ಎಲ್ಲಿಗೆ ಬೇಕಾದರೂ ಹೊಂದುತ್ತದೆ, ಆದರೆ ಅಷ್ಟೇ ಸಪ್ಪೆಯಾಗುತ್ತದೆ. ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ವೈಲಿ ಇದನ್ನೇ ಮರುಬಳಕೆಯ ವಿರೋಧಾಭಾಸ ಎಂದಿದ್ದಾರೆ. ನಾನು ಕಂಡುಕೊಂಡ ದಾರಿ ಸುಲಭದ್ದು. ಪ್ರತಿ ವಿಡಿಯೋಗೆ ಮುಂಚೆ ಕೇಳಲು ಚಿಕ್ಕದೊಂದು ಆಡಿಯೋ. ಅದನ್ನು ಫೋನಿನಲ್ಲೇ ಮಾತಾಡಿ ಹಾಕುತ್ತೇನೆ: ಈ ವಾರ ಯಾಕೆ ಇದನ್ನು ನೋಡಬೇಕು, ಪರೀಕ್ಷೆಯಲ್ಲಿ ಹೇಗೆ ಬರುತ್ತದೆ, ಮೊನ್ನೆ ಮಾರ್ಕೆಟ್ಟಿನಲ್ಲಿ ಹೂವಿನ ದರ ಎಷ್ಟಿತ್ತು. ಸೆಮಿಸ್ಟರ್ ಮುಗಿದ ಮೇಲೆ ಅದನ್ನು ಅಳಿಸಿಬಿಡುತ್ತೇನೆ. ಎಸೆಯಲು ಮನಸ್ಸಾಗದಷ್ಟು ಚೆಂದ ಮಾಡಬಾರದು, ಅಷ್ಟೇ.

ಪ್ರಶ್ನೆಗಳನ್ನು ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನ ಪ್ರಶ್ನೆ ಬ್ಯಾಂಕಿನಲ್ಲಿಟ್ಟು, ಗಿಫ್ಟ್ ಅನ್ನುವ ಸಾದಾ ಪಠ್ಯದ ರೂಪದಲ್ಲೂ ಒಂದು ಪ್ರತಿ ಉಳಿಸಿಕೊಳ್ಳುತ್ತೇನೆ. ಅದನ್ನು ನೋಟ್‌ಪ್ಯಾಡಿನಲ್ಲೂ ತಿದ್ದಬಹುದು. ಸ್ಕಾರ್ಮ್ ಅನ್ನುವ ಮಾನದಂಡದಲ್ಲಿ ಕಟ್ಟಿದ ಪಾಠದ ಪ್ಯಾಕೇಜ್ ಇಂಥ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಚೆನ್ನಾಗಿ ಹೋಗುತ್ತದೆ. ಆದರೆ ಮೂಲ ಫೈಲ್ ಕೈಯಲ್ಲಿಲ್ಲದಿದ್ದರೆ ಒಳಗಿನ ಒಂದು ಸಾಲು ಬದಲಿಸುವುದೂ ತಲೆನೋವು. ಕ್ವಿಜ್‌ನಂಥ ಚಟುವಟಿಕೆ ತಯಾರಿಸುವ ಎಚ್‌5ಪಿ ನನಗೆ ಹೆಚ್ಚು ಇಷ್ಟ. ಫೈಲ್ ಇಳಿಸಿಕೊಂಡವರು ಅದನ್ನು ತೆರೆದು ತಿದ್ದಿಕೊಳ್ಳಬಹುದು.

ಕನ್ನಡದಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಕೆಲಸ ಜಾಸ್ತಿ. ಹಳೆಯ ನೋಟ್ಸ್ ಎಲ್ಲ ನುಡಿ, ಬರಹದ ಹಳೇ ಫಾಂಟುಗಳಲ್ಲಿ ಕೂತಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹುಡುಕಿದರೆ ಪದ ಸಿಗುವುದಿಲ್ಲ. ಎಲ್ಲವನ್ನೂ ಎಲ್ಲ ಕಡೆ ಒಂದೇ ರೀತಿ ಓದಿಸುವ ಯುನಿಕೋಡಿಗೆ ತಂದೆ. ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಲೇಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಬೇರೆಯವರ ಚಿತ್ರ, ವಿಡಿಯೋ ತೆಗೆದುಕೊಳ್ಳುವ ಮುಂಚೆ ಪರವಾನಗಿ ಓದುತ್ತೇನೆ. ಮುಕ್ತ ಹಂಚಿಕೆಗೆಂದೇ ಇರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಂದ ಮಾತ್ರಕ್ಕೆ ಎಲ್ಲಕ್ಕೂ ಅನುಮತಿ ಇದೆ ಎಂದಲ್ಲ. 'ಎನ್‌ಡಿ' (ನೋ ಡೆರಿವೇಟಿವ್ಸ್, ಮಾರ್ಪಡಿಸಿ ಹಂಚಬಾರದು) ಎಂದಿದ್ದರೆ ಅದನ್ನು ಕನ್ನಡಕ್ಕೆ ಅನುವಾದಿಸಿ ಹಂಚುವಂತಿಲ್ಲ. ನಮ್ಮಂಥವರಿಗೆ ಅದು ಇದ್ದೂ ಇಲ್ಲದ ಹಾಗೆ. ನನ್ನ ಪಾಠಗಳಿಗೆ ಹೆಸರು ಹೇಳಿದರೆ ಸಾಕು ಅನ್ನುವ 'ಬಿವೈ' ಪರವಾನಗಿ ಹಾಕಿದ್ದೇನೆ.

ಸಂಜೆ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬರು ಈ ಕಂತೆಯನ್ನು ಒಯ್ದರು. "ಮೇಡಂ, ನಿಮ್ಮ ಹೂವು ತರಕಾರಿ ತೆಗೆದು ರಾಮನಗರದ ರೇಷ್ಮೆಗೂಡಿನ ದರ ಹಾಕಿದೀನಿ, ಬೇಜಾರಿಲ್ಲ ತಾನೇ?" ಎಂದು ಕೇಳಿದರು. ಅವರ ಮಕ್ಕಳಲ್ಲಿ ಆ ಕಡೆಯವರೇ ಹೆಚ್ಚು. ವಿಡಿಯೋ ಮುಟ್ಟದೆ ಹಾಳೆ ಬದಲಿಸಿದ್ದರು. ಆ ಹಾಳೆಯನ್ನು ನಾನೂ ಇಸಿದುಕೊಂಡೆ.

ಚರ್ಚೆಗೆ ಕೊಡುವ ಪ್ರಶ್ನೆಗಳನ್ನು ಮಾತ್ರ ಮತ್ತೆ ಬಳಸುವುದಿಲ್ಲ. ಪ್ರತಿ ಸೆಮಿಸ್ಟರ್ ಹೊಸದಾಗಿ ಬರೆಯುತ್ತೇನೆ. ಹಳೆಯ ಪ್ರಶ್ನೆ ಕೊಟ್ಟರೆ ಸೀನಿಯರ್‌ಗಳ ಉತ್ತರ ವಾಟ್ಸಾಪಿನಲ್ಲಿ ನನಗಿಂತ ಮುಂಚೆಯೇ ತಲುಪಿರುತ್ತದೆ.