ಮಹಾಳಿ ತಗಲಿದ ಅಡಿಕೆಯ ಆರ್‌ಎನ್‌ಎ ದತ್ತಾಂಶ: ಪೈಪ್‌ಲೈನ್ ಹೊಂದಿಸಿಕೊಂಡ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ಆಟಿ ತಿಂಗಳ ಮಳೆಗೆ ಮಹಾಳಿ (ಕೊಳೆರೋಗ) ತಗಲಿದ ಎಳೆ ಅಡಿಕೆಗಳನ್ನು, ಉದುರುವ ಮೊದಲೇ ಗೊನೆಯಿಂದ ಕೊಯ್ದು ಪಡೆದ ಆರ್‌ಎನ್‌ಎ ಅನುಕ್ರಮಗಳ ವಿಶ್ಲೇಷಣೆಗೆ ನಾನು ಎನ್‌ಎಫ್-ಕೋರ್ ಎಂಬ ಸಮುದಾಯದ ಮುಕ್ತ ಆಕರ ಪೈಪ್‌ಲೈನನ್ನು, ಅಂದರೆ ವಿಶ್ಲೇಷಣೆಯ ಹಂತಗಳನ್ನು ಸಾಲಾಗಿ ನಡೆಸುವ ತಂತ್ರಾಂಶ ಸರಣಿಯನ್ನು, ಆರಿಸಿಕೊಂಡೆ. ತುದಿಗಳಿಗೆ ಅಂಟಿಸಿದ ಅಡಾಪ್ಟರ್ ಕತ್ತರಿಸುವುದು, ಸ್ಟಾರ್ ತಂತ್ರಾಂಶದಿಂದ ರೀಡ್‌ಗಳನ್ನು (ಯಂತ್ರ ಓದಿಕೊಟ್ಟ ಅನುಕ್ರಮದ ಚೂರುಗಳನ್ನು) ಜೀನೋಮಿಗೆ ಜೋಡಿಸುವುದು, ಯಾವ ಜೀನ್‌ಗೆ ಎಷ್ಟು ರೀಡ್ ಎಂದು ಸಾಮನ್‌ನಿಂದ ಎಣಿಸುವುದು, ಗುಣಮಟ್ಟದ ಮಲ್ಟಿಕ್ಯೂಸಿ ವರದಿ ತಯಾರಿಸುವುದು ಎಲ್ಲವನ್ನೂ ಪೈಪ್‌ಲೈನನ್ನು ಓಡಿಸುವ ನೆಕ್ಸ್ಟ್‌ಫ್ಲೋ ತಂತ್ರಾಂಶ ಒಂದರ ಹಿಂದೆ ಒಂದಾಗಿ ನಡೆಸುತ್ತದೆ. ನಡುವೆ ಕರೆಂಟು ಹೋದರೆ ರೆಸ್ಯೂಮ್ ಆಯ್ಕೆಯಿಂದ, ಮುಗಿದ ಹಂತಗಳನ್ನು ಬಿಟ್ಟು ಮುಂದುವರಿಯಬಹುದು. ನಮ್ಮ ಮಳೆಗಾಲಕ್ಕೆ ಇದು ಸಣ್ಣ ಅನುಕೂಲವಲ್ಲ.

ತೊಡಕು ಎದುರಾದದ್ದು, ಜೀನೋಮಿನಲ್ಲಿ ಬೇಗ ಹುಡುಕಲೆಂದು ಸ್ಟಾರ್ ಸೂಚಿ ಕಟ್ಟುವ ಹಂತದಲ್ಲಿ. ಮೆಮೊರಿ ಸಾಲದೆ ಕೆಲಸ ನಿಂತುಹೋಗುತ್ತಿತ್ತು. ನಮ್ಮ ಕೈಯಲ್ಲಿದ್ದ ಅಡಿಕೆ ಜೀನೋಮ್ ಕ್ರೋಮೋಸೋಮ್ ಮಟ್ಟಕ್ಕೆ ಬಾರದ, ಅಸಂಖ್ಯ ತುಂಡುಗಳ ಕರಡು ಜೋಡಣೆಯಾಗಿತ್ತು. ಸ್ಟಾರ್ ಪ್ರತಿಯೊಂದು ತುಂಡಿಗೂ 2ರ 18ನೇ ಘಾತದಷ್ಟು, ಅಂದರೆ 2,62,144 ಡಿಎನ್‌ಎ ಅಕ್ಷರಗಳ ಜಾಗವನ್ನಾದರೂ ಕಾದಿರಿಸುತ್ತದೆ. ತುಂಡು ಸಾವಿರ ಅಕ್ಷರಗಳದ್ದಾದರೂ ಅಷ್ಟೇ ಜಾಗ. ಒಂದು ಲಕ್ಷ ತುಂಡುಗಳಿದ್ದರೆ 2,600 ಕೋಟಿಗೂ ಹೆಚ್ಚು ಅಕ್ಷರಗಳ ಜಾಗ ಬೇಕಾಗುತ್ತದೆ. ಮನುಷ್ಯನ ಇಡೀ ಜೀನೋಮ್ ಇರುವುದೇ ಸುಮಾರು 300 ಕೋಟಿ ಅಕ್ಷರಗಳಷ್ಟು. ಜೀನೋಮಿನ ಉದ್ದವನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರ 2ರ ಲಾಗರಿದಮ್ ತೆಗೆದುಕೊಂಡು, 18ಕ್ಕಿಂತ ಕಡಿಮೆಯಿದ್ದರೆ ಅದನ್ನೇ ಘಾತವಾಗಿ ಕೊಡಬೇಕೆಂದು ಸ್ಟಾರ್‌ನ ಕೈಪಿಡಿ ತಿಳಿಸುತ್ತದೆ. 300 ಕೋಟಿ ಅಕ್ಷರಗಳು ಒಂದು ಲಕ್ಷ ತುಂಡುಗಳಲ್ಲಿದ್ದರೆ ಅದು 15. ಮೊದಲು ಇದನ್ನು ಕಾನ್ಫಿಗ್ ಕಡತದಲ್ಲಿ ಕೈಯಾರೆ ಬರೆದೆ. ಜೋಡಣೆ ಬದಲಾದಾಗಲೆಲ್ಲ ತಿದ್ದುವುದು ತರವಲ್ಲವೆನಿಸಿ, ಜೀನೋಮಿನ ತುಂಡುಗಳ ಪಟ್ಟಿಯಿರುವ ಸೂಚಿ ಕಡತದಿಂದ (ಸ್ಟಾರ್‌ನ ಸೂಚಿಯಲ್ಲ) ಉದ್ದ ಮತ್ತು ತುಂಡುಗಳ ಸಂಖ್ಯೆಯನ್ನು ಓದಿ ಲೆಕ್ಕ ಹಾಕುವ ಕೆಲವು ಸಾಲುಗಳನ್ನು ಆ ಹಂತದೊಳಗೇ ಸೇರಿಸಿದೆ. ಪೈಪ್‌ಲೈನಿನ ಪರೀಕ್ಷಾ ದತ್ತಾಂಶ ಯೀಸ್ಟ್‌ನದು. ಅಷ್ಟು ಪುಟ್ಟ ಜೀನೋಮಿನಲ್ಲಿ ಈ ತೊಡಕು ತಲೆದೋರುವುದೇ ಇಲ್ಲವಾದ್ದರಿಂದ, ಲೆಕ್ಕ ಸರಿಯಿದೆಯೇ ಎಂದಷ್ಟೇ ನೋಡುವ ಪ್ರತ್ಯೇಕ ಪರೀಕ್ಷೆಯನ್ನೂ ಬರೆಯಬೇಕಾಯಿತು.

ಜೀನ್‌ಗಳು ಜೀನೋಮಿನಲ್ಲಿ ಎಲ್ಲಿವೆ ಎಂದು ತಿಳಿಸುವ ಟಿಪ್ಪಣಿ ಕಡತದಲ್ಲಿ ಜೀನ್‌ಗಳ ಬಗೆಯ (ಪ್ರೋಟೀನಿನದೇ, ಅಲ್ಲವೇ ಎಂಬ) ಮಾಹಿತಿ ಇರಲಿಲ್ಲ. ಕಡತವನ್ನು ಜಿಎಫ್‌ಎಫ್‌ರೀಡ್ ತಂತ್ರಾಂಶದಿಂದ ಜಿಟಿಎಫ್ ರೂಪಕ್ಕೆ ಪರಿವರ್ತಿಸಿ, ಜೀನ್‌ಗಳ ಬಗೆಯನ್ನು ನೋಡುವ ತಪಾಸಣೆಯನ್ನು ಕೈಬಿಟ್ಟೆ.

ಹೆಚ್ಚು ಯೋಚಿಸಬೇಕಾದದ್ದು ರೀಡ್‌ಗಳ ಬೆರಕೆಯ ಬಗ್ಗೆ. ನಮ್ಮ ಲೈಬ್ರರಿ (ಅನುಕ್ರಮ ಓದಲು ಸಿದ್ಧಪಡಿಸಿದ ಮಾದರಿ), ಪಾಲಿ-ಎ ಬಾಲವನ್ನು, ಅಂದರೆ ಕೊನೆಯಲ್ಲಿ ಸಾಲಾಗಿ ಬರುವ ಎ ಅಕ್ಷರಗಳನ್ನು, ಹಿಡಿದು ಎಂಆರ್‌ಎನ್‌ಎಯನ್ನು (ಜೀನ್‌ನ ಸಂದೇಶ ಒಯ್ಯುವ ಆರ್‌ಎನ್‌ಎ) ಆರಿಸಿದ್ದು; ಮಹಾಳಿಗೆ ಕಾರಣವಾದ, ಶಿಲೀಂಧ್ರದಂಥ ರೋಗಾಣು ಫೈಟಾಫ್ತೊರದ ಎಂಆರ್‌ಎನ್‌ಎಗೂ ಆ ಬಾಲವಿರುವುದರಿಂದ ಅದು ಅಡಿಕೆಯ ಎಂಆರ್‌ಎನ್‌ಎ ಜತೆಗೇ ಲೈಬ್ರರಿಗೆ ಬರುತ್ತದೆ, ರೋಗ ಬಲಿತಷ್ಟೂ ಅಡಿಕೆಗೆ ಹೊಂದುವ ರೀಡ್‌ಗಳ ಪ್ರಮಾಣ ಕುಗ್ಗುತ್ತದೆ. ಅದನ್ನು ಕಲ್ಮಶವೆಂದು ಎಸೆಯುವುದು ನನಗೆ ಒಪ್ಪಿಗೆಯಾಗಲಿಲ್ಲ, ರೋಗಾಣುವಿನ ಚಟುವಟಿಕೆಯೂ ಅಲ್ಲೇ ಇದೆಯಲ್ಲ. ಎರಡೂ ಜೀನೋಮ್‌ಗಳನ್ನು ಕೂಡಿಸಿ, ಜೀನ್‌ಗಳ ಹೆಸರಿಗೆ ಬೇರೆ ಬೇರೆ ಪೂರ್ವಪದ ಕೊಟ್ಟು, ಎಣಿಕೆ ಮುಗಿದ ಮೇಲೆ ಕೋಷ್ಟಕವನ್ನು ಎರಡಾಗಿ ಒಡೆಯುವ ಹಂತವನ್ನು ಸೇರಿಸಿದೆ. ಜೀನ್‌ಗಳ ಚಟುವಟಿಕೆಯನ್ನು ಹೋಲಿಸುವ ಡೆಸೆಕ್2 ತಂತ್ರಾಂಶದ ಸಾಮಾನ್ಯೀಕರಣ (ಮಾದರಿಗಳ ಎಣಿಕೆಗಳನ್ನು ಒಂದೇ ಅಳತೆಗೆ ತರುವುದು) ಈ ಒಡೆಯುವಿಕೆಯ ನಂತರವೇ ನಡೆಯಬೇಕು. ಆರೋಗ್ಯವಂತ ಕಾಯಿಯಲ್ಲಿ ಇಲ್ಲವೇ ಇಲ್ಲದ ರೋಗಾಣುವಿನ ಜೀನ್‌ಗಳನ್ನು ಅಡಿಕೆಯ ಜೀನ್‌ಗಳೊಡನೆ ಒಂದೇ ಅಳತೆಗೆ ತಂದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಹಳದಿ ಎಲೆ ರೋಗಕ್ಕೂ ಇದೇ ಕ್ರಮ ಆದೀತೇ ಎಂದು ಕೆಲವರು ಕೇಳಿದ್ದಾರೆ. ಅದರೊಡನೆ ಕಾಣಿಸಿಕೊಳ್ಳುವ ಫೈಟೊಪ್ಲಾಸ್ಮಾ ಬ್ಯಾಕ್ಟೀರಿಯಾ ಜಾತಿಯದು. ಅದರ ಎಂಆರ್‌ಎನ್‌ಎಗೆ ಅಂಥ ಸ್ಥಿರವಾದ ಬಾಲವಿಲ್ಲದ ಕಾರಣ ಪಾಲಿ-ಎ ಲೈಬ್ರರಿಯಲ್ಲಿ ಅದು ಬಹುಮಟ್ಟಿಗೆ ಸಿಗುವುದೇ ಇಲ್ಲ. ಅಲ್ಲಿ ಪೈಪ್‌ಲೈನನ್ನು ತಿದ್ದುವ ಮೊದಲು, ರೈಬೋಸೋಮಿನ ಆರ್‌ಎನ್‌ಎಯನ್ನು ತೆಗೆದುಹಾಕುವ ವಿಧಾನದಲ್ಲಿ ಲೈಬ್ರರಿಯನ್ನೇ ಬೇರೆಯಾಗಿ ಮಾಡಿಸಬೇಕು.